ಬೀಗಿತಿ ಮಲಗಿಸಿದ ಬಾವುಟ

ನಮ್ಮ ಮನೆಯವರಿಗೆ ಹೊಸ ಹೋಟೆಲು ಅಂದರೆ ಹೊಸ ಅಳಿಯ ಬಂದಷ್ಟು ಸಂಭ್ರಮ. ನಮ್ಮೂರಿನಾಚೆ ಬಾತಿ ಹಳ್ಳಿ ದಾಟಿದ ಮೇಲೆ ಹರಿಹರದ ರಸ್ತೆಯಲ್ಲಿ, ಮೇಜಿನ ಮೇಲೇ ಕೆಂಡ ಇಟ್ಟು ಸುಟ್ಟು ತಿನ್ನಿಸುವ ಬಾರ್ಬೆಕ್ಯೂ ಹೋಟೆಲು, ಅದೂ ಶುದ್ಧ ಸಸ್ಯಾಹಾರಿ, ಶುರುವಾಗಿದೆ ಎಂದು ಗೊತ್ತಾದ ದಿನದಿಂದ ಅವರ ಬಾಯಲ್ಲಿ ಅದೇ ಮಾತು.

"ಬೀಗರನ್ನ ಅಲ್ಲಿಗೇ ಕರೆಯಾಣ. ಅವರ ಊರೂ ಅಲ್ಲ, ನಮ್ಮ ಊರೂ ಅಲ್ಲ. ಯಾರಿಗೂ ಬಿಗುಮಾನ ಇರಲ್ಲ" ಎಂದರು. ತಮ್ಮ ನಾಲಿಗೆಯ ಚಪಲಕ್ಕೆ ಬೀಗರ ಹೆಸರು! ಇಂಥದ್ದರಲ್ಲಿ ಅವರನ್ನು ಮೀರಿಸುವವರು ಜಿಲ್ಲೆಯಲ್ಲಿಲ್ಲ.

ಆದರೆ ಕರೆಯಲೇಬೇಕಿತ್ತು. ಮಗಳನ್ನು ಹರಿಹರಕ್ಕೆ ಕೊಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ಮದುವೆಯಾದ ತಿಂಗಳಲ್ಲೇ ಬೀಗರು ಪಿ.ಜೆ. ಬಡಾವಣೆಯ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಆಮೇಲೆ ಹೊಸ್ತಿಲು ತುಳಿಯಲಿಲ್ಲ. ಕರೆದಾಗಲೆಲ್ಲ ಬೀಗಿತಿಗೆ ಮಂಡಿನೋವು, ಬೀಗರಿಗೆ ಗದ್ದೆ ಕೆಲಸ. ಕೊನೆಗೆ ಮಗಳ ಬಾಯಿಂದ ವಿಷಯ ಸೋರಿತು. "ನಿಮ್ಮವ್ವನ ಮನೇಲಿ ಉಪಚಾರ ಕಮ್ಮಿ" ಎಂದಿದ್ದರಂತೆ ಬೀಗಿತಿ. ನನಗೆ ಮೈಯೆಲ್ಲ ಉರಿದುಹೋಯಿತು. ಬೆಳಗಿನ ಜಾವ ಎದ್ದು ಹೋಳಿಗೆ, ಎಣ್ಣೆಗಾಯಿ, ಕಟ್ಟಿನ ಸಾರು ಮಾಡಿ ನನ್ನ ಸೊಂಟ ಬಿದ್ದುಹೋಗಿತ್ತು. ಇನ್ನೇನು, ಪಲ್ಲಕ್ಕಿ ತರಿಸಬೇಕಿತ್ತೇ?

ಹೋಟೆಲಿಗೆ ಹೊರಡುವ ದಿನ ಮಗಳು ಫೋನ್ ಮಾಡಿ, "ಅವ್ವಾ, ಇದೂ ಕೆಟ್ರೆ ಇಬ್ಬರ ನಡುವೆ ಸಿಕ್ಕು ಸಾಯಾಳು ನಾನು. ಮೇಷ್ಟ್ರಿಕೆ ಮಾಡಬ್ಯಾಡ" ಎಂದು ಎಚ್ಚರಿಸಿದಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವಳು ನಾನು. ಮೇಷ್ಟ್ರಿಕೆ ಬಿಡು ಎಂದರೆ ಉಸಿರು ಬಿಡು ಎಂದ ಹಾಗೆ. ಆದರೂ ಅವಳಿಗಾಗಿ ಹೂಂ ಎಂದೆ.

ಮಗಳು ಅಳಿಯನನ್ನು ಮನೆಯಲ್ಲೇ ಬಿಟ್ಟು ಬೀಗರಿಬ್ಬರೇ ಬಂದರು. ಬೀಗಿತಿ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಧರಿಸಿ ನೆಟ್ಟಗೆ ಕೂತರು. ಬಡಿಸುವವನು ಮೇಜಿನ ನಡುವಿನ ಕುಳಿಯಲ್ಲಿ ಕೆಂಡದ ಪೆಟ್ಟಿಗೆ ಇಳಿಸಿದ. "ಇದೊಳ್ಳೆ ಕತಿಯಾತಲ್ರಿ. ಕೈ ತುಂಬ ರೊಕ್ಕ ಕೊಟ್ಟು, ಹೊಗೀನೂ ನಾವೇ ಕುಡೀಬೇಕೇನು?" ಎಂದರು ಬೀಗರು. ಅವನು ನಗುತ್ತಾ ಒಂದು ಪುಟ್ಟ ಬಾವುಟ ತಂದು ನಿಲ್ಲಿಸಿದ. "ಇದು ನಿಂತಿರೋ ತನಕ ತರ್ತಾನೇ ಇರ್ತೀವಿ ಸಾರ್. ಸಾಕು ಅನಿಸಿದ್ರೆ ಮಲಗಿಸಿಬಿಡಿ."

ಕಡ್ಡಿಗೆ ಚುಚ್ಚಿದ ಪನೀರು, ಎಳೆಜೋಳ, ಖಾರ ಸವರಿದ ಅನಾನಸ್ ಬಂದವು. ಬೀಗಿತಿ ಅನಾನಸಿನ ಒಂದು ಹೋಳು ಬಾಯಿಗಿಟ್ಟು ಕಣ್ಣರಳಿಸಿದ್ದನ್ನು ನಾನೇ ನೋಡಿದೆ. ಮರುಕ್ಷಣ ಸೆರಗು ಸರಿಮಾಡಿಕೊಂಡು ಬಾವುಟ ಮಲಗಿಸಿದರು. "ಸಾಕಾತು ಬಿಡ್ರಿ. ಎಷ್ಟಂತ ತಿನ್ನಾದು."

ಬಡಿಸುವವನು ಬಲು ವಿಧೇಯ. ಕಡ್ಡಿಗಳನ್ನು ಎತ್ತಿಕೊಂಡು ಪಕ್ಕದ ಮೇಜಿಗೆ ನಡೆದೇಬಿಟ್ಟ. ನಮ್ಮ ಮನೆಯವರು ಬಾಯಿ ತೆರೆದವರು ತೆರೆದ ಹಾಗೇ ಕೂತರು. ಪಾಪ, ಅವರು ಆಗಷ್ಟೇ ಎರಡನೇ ಪನೀರಿಗೆ ಕೈ ಚಾಚಿದ್ದರು.

ಬೀಗಿತಿಯ ಕಣ್ಣು ಮಾತ್ರ ಆ ಕಡ್ಡಿಗಳ ಹಿಂದೆಯೇ ಹೋಯಿತು. ಆ ನೋಟ ನಾನು ಮೊದಲೂ ಕಂಡಿದ್ದೆ. ನಮ್ಮ ಮನೆಯ ಊಟದ ದಿನ, "ಇನ್ನೊಂದು ಹೋಳಿಗೆ ಹಾಕ್ಲಾ?" ಎಂದು ಕೇಳಿದ್ದೆ. "ಬ್ಯಾಡ್ರಿ, ಸಾಕು" ಎಂದಿದ್ದರು. ಒಂದು ಸಲ ಕೇಳು, ಬೇಡ ಅಂದರೆ ಬಿಡು, ತುರುಕಬೇಡ ಎಂಬುದು ನನ್ನ ನಿಯಮ. ಸ್ಟಾಫ್ ರೂಮಿನಲ್ಲಿ ಇದರ ಬಗ್ಗೆ ಭಾಷಣವನ್ನೇ ಬಿಗಿದವಳು ನಾನು. ಹೋಳಿಗೆಯ ತಟ್ಟೆ ಎತ್ತಿಕೊಂಡು ಒಳಗೆ ನಡೆದಿದ್ದೆ. ಬೀಗಿತಿ ಅಡುಗೆಮನೆಯ ಕಡೆಗೇ ನೋಡುತ್ತಿದ್ದರು. ನಮ್ಮ ಹೊಸ ಫ್ರಿಜ್ಜು ನೋಡುತ್ತಿದ್ದಾರೆ ಅಂದುಕೊಂಡು ಒಳಗೊಳಗೇ ಉಬ್ಬಿದ್ದೆ!

ಅಯ್ಯೋ ನನ್ನ ಬುದ್ಧಿಗಿಷ್ಟು! ಇವರ ಕಡೆ ಮೊದಲನೇ ಬ್ಯಾಡ ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ. ಮೂರನೇ ಸಲ ಕೇಳಿದರೇ ಊಟ. ಇದು ನನಗೆ ಗೊತ್ತಿಲ್ಲದ್ದೇನಲ್ಲ, ನಮ್ಮವ್ವನೂ ಹೀಗೇ ಬಡಿಸುತ್ತಿದ್ದಳು. ಓದಿದವಳೆಂಬ ಜಂಬದಲ್ಲಿ ಮರೆತಿದ್ದೆ.

ಕೈ ಚಾಚಿ ಬಾವುಟ ನಿಲ್ಲಿಸಿದೆ. ಬೀಗಿತಿ, "ಏ, ಬ್ಯಾಡ್ರಿ, ಯಾಕ ಸುಮ್ನೆ" ಎಂದು ಮಲಗಿಸಿದರು. ಮತ್ತೆ ನಿಲ್ಲಿಸಿದೆ. ಮತ್ತೆ ಮಲಗಿಸಿದರು, ಈ ಸಲ ಸ್ವಲ್ಪ ನಿಧಾನಕ್ಕೆ. ಬಡಿಸುವವನು ಕಡ್ಡಿ ಹಿಡಿದು ಎರಡು ಹೆಜ್ಜೆ ಬರುವುದು, ಎರಡು ಹೆಜ್ಜೆ ಹೋಗುವುದು. ಮೂರನೇ ಸಲ ಬಾವುಟ ನಿಲ್ಲಿಸಿ ಕೈಯಲ್ಲೇ ಗಟ್ಟಿಯಾಗಿ ಹಿಡಿದುಕೊಂಡೆ. "ನನ್ನಾಣೆ ಐತೆ ಬೀಗ್ರೆ. ಇನ್ನು ಇದನ್ನ ಮುಟ್ಟಿದ್ರೆ ನಾನೂ ಉಪವಾಸ ಏಳ್ತೀನಿ."

"ಆಣಿ ಯಾಕ ಹಾಕ್ತೀರಿ. ಇಷ್ಟು ಹೇಳ್ತೀರಿ ಅಂತ ಒಂದು ತಿಂತೀನಿ" ಎಂದರು. ಆ ಒಂದು ಎಲ್ಲಿಗೆ ಮುಗಿಯಿತೋ ನಾನು ಎಣಿಸಲಿಲ್ಲ. ಅನಾನಸಿನ ರಸ ಮೊಣಕೈವರೆಗೆ ಇಳಿಯಿತು. ಬೀಗರೂ ಹೊಗೆಯ ತಕರಾರು ಮರೆತು ಜೋಳ ಕಡಿಯತೊಡಗಿದರು.

ಹೊಟ್ಟೆ ತಣ್ಣಗಾದ ಮೇಲೆ ಬೀಗಿತಿ ನನ್ನ ಕಡೆ ಬಾಗಿ, "ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಅವತ್ತು ನಿಮ್ಮನೆಯಿಂದ ಹೋಗಿ ಅನ್ನಕ್ಕಿಟ್ಟೆ" ಎಂದರು.

"ನಾನೂ ಮಜ್ಜಿಗಿ ಅನ್ನ ಉಂಡೆ" ಎಂದು ಬೀಗರು ಸಾಕ್ಷಿ ಹೇಳಿದರು.

ನನಗೆ ನಗು ಬರಲಿಲ್ಲ. ಹೋಳಿಗೆ ಮಾಡಿದ ಮನೆಯಿಂದ ನೆಂಟರು ಹಸಿದು ಹೋಗಿದ್ದರು, ನಾನು ಇಷ್ಟು ದಿನ ಅವರದ್ದೇ ಸೊಕ್ಕು ಎಂದು ಬೈದುಕೊಂಡಿದ್ದೆ.

ಹೊರಗೆ ಕಾರಿನ ಹತ್ತಿರ, "ಬರೋ ಭಾನುವಾರ ನಮ್ಮನೆಗೆ ಬರ್ರಿ" ಎಂದೆ. "ಬ್ಯಾಡ್ರಿ, ನಿಮಗ್ಯಾಕ ತ್ರಾಸು" ಎಂದರು ಬೀಗಿತಿ. "ಹೋಗ್ಲಿ ಬಿಡೇ, ಅವರಿಗೆ ಪುರುಸೊತ್ತು ಇರಲ್ಲ" ಎಂದು ನಮ್ಮ ಮನೆಯವರು ಬಾಯಿ ಹಾಕಿದರು. ಅವರ ಕಾಲು ತುಳಿದು ಎರಡನೇ ಸಲ ಕರೆದೆ, ಮೂರನೇ ಸಲ ಕೈ ಹಿಡಿದು ಕರೆದೆ.

ಭಾನುವಾರ ಮಗಳನ್ನೂ ಕರೆದುಕೊಂಡು ಬಂದರು. ನಾನು ಹಾಕ್ಲಾ ಎಂದು ಕೇಳಲಿಲ್ಲ, ಹಾಕುತ್ತಾ ಹೋದೆ. ಬಾಗಿಲಲ್ಲಿ ನಿಂತ ಮಗಳು ತುಟಿ ಕಚ್ಚಿಕೊಂಡು ಎಣಿಸುತ್ತಿದ್ದಳು. ನಾಲ್ಕನೇ ಹೋಳಿಗೆಗೆ ಬೀಗಿತಿ ಎರಡೂ ಕೈ ತಟ್ಟೆಗೆ ಅಡ್ಡ ಹಿಡಿದು, "ಇದು ಖರೇನೇ ಬ್ಯಾಡ್ರಿ!" ಎಂದರು.

ಅರ್ಧ ಮುರಿದು ಹಾಕಿದೆ. ತಿಂದರು.