ವೈನಿ ಸೈಕಲ್ ತುಳಿದ ಮೂರು ದಿನ

ನಮ್ಮ ವೈನಿ, ನನ್ನ ಅಣ್ಣನ ಹೆಂಡತಿ, ಅವನಿಗಿಂತ ನಾಲ್ಕು ಬೆರಳು ಎತ್ತರವಿದ್ದಳು. ನರೋಣಾದ ನಮ್ಮ ಮನೆಯ ಬಾಗಿಲು ದಾಟುವಾಗ ತಲೆ ತಗ್ಗಿಸುತ್ತಿದ್ದಳು. ಅಣ್ಣನ ಜೊತೆ ಸಂತೆಗೆ ಹೊರಟರೆ ದಾರಿಯ ತಗ್ಗಿನ ಬದಿಯಲ್ಲೇ ನಡೆಯುತ್ತಿದ್ದಳು, ತನ್ನ ಎತ್ತರ ಜನರ ಕಣ್ಣಿಗೆ ಬೀಳಬಾರದೆಂದು. ಹಣೆಯ ಮೇಲೆ ವಿಭೂತಿ, ರೊಟ್ಟಿ ಬಡಿದು ಬಡಿದು ಅಗಲವಾದ ಅಂಗೈ. "ಹೊಲದಾಗ ಬೆದರುಗೊಂಬಿ ನಿಂತಂಗ ನಿಂತಾಳ ನೋಡು" ಎಂದು ಅವ್ವ ಅಣಕಿಸಿದರೆ, "ಹಕ್ಕಿ ಬರಂಗಿಲ್ಲಲ್ರಿ ಅತ್ತಿ, ಛಲೋನೇ ಆತು" ಎಂದು ನಗುತ್ತಿದ್ದಳು. ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳದ ಹೆಣ್ಣು ಎಂದು ನಾನು ಬಹಳ ವರ್ಷ ತಿಳಿದಿದ್ದೆ.

ಆಕೆಯ ತವರು ಜೇವರ್ಗಿ ಕಡೆಯ ಒಂದು ಹಳ್ಳಿ. ನಮ್ಮ ಮನೆಯ ಮದುವೆಯೊಂದರಲ್ಲಿ ವೈನಿಯ ಅಣ್ಣ ಎಲ್ಲರೆದುರು ನಮ್ಮಪ್ಪನಿಗೆ ಒಂದು ಕಟುವಾದ ಮಾತು ಆಡಿದ. ಅದೇ ವರ್ಷ ಅಪ್ಪ ತೀರಿಕೊಂಡ. "ಆ ಮನಿ ಹೊಸ್ತಿಲ ನಮ್ಮ ಸೊಸಿ ತುಳಿಯಂಗಿಲ್ಲ" ಎಂದು ಅವ್ವ ಹೇಳಿಬಿಟ್ಟಳು. ಅಣ್ಣ ಅವ್ವನ ಮಾತು ಮೀರುವವನಲ್ಲ. ನಾಲ್ಕು ವರ್ಷ ವೈನಿ ತವರಿನ ಮುಖ ನೋಡಲಿಲ್ಲ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಒಂದು ಶ್ರಾವಣದ ಮಧ್ಯಾಹ್ನ ವೈನಿ, ಅಣ್ಣ ಇಬ್ಬರೂ ತೊಗರಿ ಹೊಲಕ್ಕೆ ಹೋಗಿದ್ದಾಗ ಒಂದು ಪತ್ರ ಬಂತು. ಮನೆಯಲ್ಲಿ ಓದು ಬರುತ್ತಿದ್ದುದು ನನಗೊಬ್ಬಳಿಗೇ. ಬಿಡಿಸಿ ಓದಿದೆ. ವೈನಿಯ ತಾಯಿ ತೀರಿಕೊಂಡಿದ್ದರು. ಭೀಮಾ ನದಿ ತುಂಬಿ ರಸ್ತೆ ಬಂದ್ ಆಗಿದೆ, ಆಳು ಕಳಿಸಲು ಆಗಲಿಲ್ಲ, ಮಣ್ಣು ಮಾಡಿದ್ದೇವೆ, ನೀರು ಇಳಿದ ಮೇಲೆ ತಂಗಿಯನ್ನು ಕಳಿಸಿಕೊಡಿ ಎಂದು ಅವಳ ಅಣ್ಣ ಬರೆದಿದ್ದ.

ಅವ್ವ ಎದ್ದು ಬಾಗಿಲು ಮುಂದೆ ಮಾಡಿದಳು. ಆಮೇಲೆ, "ಆಕಿಗಿ ಹೇಳಬ್ಯಾಡ, ನಿಮ್ಮಣ್ಣಗೂ ಬ್ಯಾಡ. ಹೇಳಿದ್ರ ಹೋಗ್ತೇನಿ ಅಂತಾಳ. ಈಗ ಹೋಗಿ ಏನು ನೋಡ್ತಾಳ?" ಅಂದಳು.

ಸಂಜೆ ವೈನಿ ಬಂದಳು. ಪತ್ರ ಬಂದ ಸುದ್ದಿ ಓಣಿಯಲ್ಲೇ ಗೊತ್ತಾಗಿತ್ತು. ಕಾಲು ಕೂಡ ತೊಳೆಯದೆ ನನ್ನೆದುರು ಕುಕ್ಕರಗಾಲಲ್ಲಿ ಕುಳಿತು, "ಓದು ಬೇ, ಏನ್ ಬರದಾರ?" ಎಂದಳು. ನಾನು ಪತ್ರ ಹಿಡಿದು ಓದಿದೆ: ಎಲ್ಲರೂ ಆರಾಮ ಇದ್ದಾರೆ, ಅವ್ವನಿಗೆ ಸ್ವಲ್ಪ ಮೊಣಕಾಲು ನೋವು. ಆ ಮೊಣಕಾಲು ನನ್ನ ಬಾಯಿಗೆ ಎಲ್ಲಿಂದ ಬಂತೋ ಗೊತ್ತಿಲ್ಲ. ವೈನಿ ನಕ್ಕಳು. "ಆಕಿದು ಮೊದಲಿಂದ್ಲೂ ಹಂಗೇ. ಎಳ್ಳೆಣ್ಣಿ ಬಿಸಿ ಮಾಡಿ ತಿಕ್ಕೊ ಅಂತ ಬರದು ಹಾಕು" ಎಂದಳು. ಅವಳ ಕಣ್ಣೆದುರೇ ಒಂದು ಹಾಳೆಯಲ್ಲಿ ಹಾಗೆಂದು ಬರೆದೆ. ಅದನ್ನು ಅಂಚೆ ಡಬ್ಬಿಗೆ ಹಾಕಲಿಲ್ಲ. ಬಂದ ಪತ್ರವನ್ನು ಹರಿಯಲು ಕೈ ಬರಲಿಲ್ಲ. ಟ್ರಂಕಿನ ತಳದಲ್ಲಿ ಬಟ್ಟೆಗಳ ಕೆಳಗೆ ಇಟ್ಟೆ.

ಆ ಮಳೆಗಾಲ ಮುಗಿಯುವುದರೊಳಗೆ ಊರಿಗೆ ಸಾಕ್ಷರತೆಯ ವರ್ಗ ಬಂತು. ಕಲಿಸುವವಳು ನಾನೇ. ಮೊದಲ ದಿನವೇ ಬಂದು ಕುಳಿತವಳು ವೈನಿ. ಬಳಪವನ್ನು ಕುಡಗೋಲು ಹಿಡಿದಂತೆ ಮುಷ್ಟಿಯಲ್ಲಿ ಹಿಡಿದು ಪಾಟಿ ಸೀಳುವ ಹಾಗೆ ಬರೆಯುತ್ತಿದ್ದಳು. ಉಳಿದ ಹೆಂಗಸರು ಬೇಸತ್ತು ಬಿಟ್ಟರೂ ಅವಳು ಬಿಡಲಿಲ್ಲ. "ಒಮ್ಮಿ ಹಿಡಿದ ಮ್ಯಾಲ ಅರ್ಧಕ್ಕ ಬಿಡಬಾರದು" ಎನ್ನುವುದು ಹೊಲದ ಕೆಲಸಕ್ಕೂ ಅಕ್ಷರಕ್ಕೂ ಅವಳದೊಂದೇ ಮಾತು.

ಸಂಕ್ರಮಣ ಕಳೆದ ಮೇಲೆ ಸೈಕಲ್ ಜಾಥಾದ ಸುದ್ದಿ ಬಂತು. ಆಳಂದದಿಂದ ಅಫಜಲಪುರ ಮಾರ್ಗವಾಗಿ ಜೇವರ್ಗಿಗೆ, ಮೂರು ದಿನ. ದಾರಿಯ ಊರುಗಳಲ್ಲೆಲ್ಲ ನಿಂತು ಓದು ಕಲಿಯಿರಿ ಎಂದು ಹೇಳಬೇಕು. ಬಾಲವಾಡಿ ಟೀಚರು, ಬಟ್ಟೆ ಹೊಲಿಯುವ ಗೆಳತಿ, ನಾನು, ಮೂವರೂ ಹೆಸರು ಕೊಟ್ಟೆವು. "ನಂದೂ ಬರಕೊ" ಎಂದಳು ವೈನಿ. ಆಗ ಅವಳಿಗೆ ಸೈಕಲ್ ಬರುತ್ತಿರಲಿಲ್ಲ. ಅಣ್ಣನ ದೊಡ್ಡ ಸೈಕಲನ್ನು ಕಣದಲ್ಲಿ ಹತ್ತಿ, ಬಿದ್ದು, ಮತ್ತೆ ಹತ್ತಿ, ಹದಿನೈದು ದಿನದಲ್ಲಿ ಕಲಿತಳು. ಉದ್ದ ಕಾಲುಗಳು ಮೊದಲ ಸಲ ಉಪಯೋಗಕ್ಕೆ ಬಂದವು. ಮಠದ ಅಪ್ಪಾವರು ಒಪ್ಪಿಗೆ ಕೊಟ್ಟಿದ್ದರಿಂದ ಅವ್ವ ಅಡ್ಡ ಮಾತಾಡಲಿಲ್ಲ.

ಮೂವತ್ತು ಸೈಕಲ್‌ಗಳ ಸಾಲಿನಲ್ಲಿ ಹೆಂಗಸರು ನಾವು ನಾಲ್ವರೇ. ವೈನಿ ಸೀರೆಗೆ ಕಚ್ಚೆ ಹಾಕಿ, ಸೆರಗು ಸೊಂಟಕ್ಕೆ ಬಿಗಿದು, ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದಳು. ಅವಳು ಬಾಗದೆ ಇದ್ದುದನ್ನು ನಾನು ನೋಡಿದ್ದು ಅದೇ ಮೊದಲು. ಅಫಜಲಪುರದಲ್ಲಿ ಅವಳನ್ನು ಜನರೆದುರು ನಿಲ್ಲಿಸಿ ಕೈಯಲ್ಲಿ ಪುಸ್ತಕ ಕೊಟ್ಟರು. ತಡೆದು ತಡೆದು ಒಂದು ಪುಟ ಓದಿದಳು. ಜನ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಒಂದೇ ಚಿಂತೆ. ಜೇವರ್ಗಿ ಹತ್ತಿರವಾದಂತೆ ತಾಯಿಯನ್ನು ನೋಡುತ್ತೇನೆಂದು ಹೊರಟೇ ಹೊರಡುತ್ತಾಳೆ, ಆಗ ಏನು ಹೇಳಲಿ? ಎರಡನೆಯ ದಿನ ಸೈಕಲ್‌ಗಳನ್ನು ದೋಣಿಗೆ ಏರಿಸಿ ಭೀಮಾ ದಾಟಿದೆವು. ಗೆಳತಿಯರು ಹಾಡುತ್ತಿದ್ದರು. ವೈನಿ ಆಚೆ ದಡವನ್ನೇ ನೋಡುತ್ತಿದ್ದಳು.

ಮೂರನೆಯ ದಿನ ಬೆಳಿಗ್ಗೆ ಒಂದು ಕವಲು ದಾರಿಯಲ್ಲಿ ಸೈಕಲ್ ಇಳಿದಳು. "ನೀವು ಮುಂದ ನಡೀರಿ. ನಾವಿಬ್ಬರೂ ಹಿಂದಿಂದ ಬರ್ತೇವಿ" ಎಂದು ಗೆಳತಿಯರನ್ನು ಕಳಿಸಿದಳು. ನನಗೆ ಇನ್ನು ತಡೆಯಲಾಗಲಿಲ್ಲ. ಸೈಕಲನ್ನು ಅಲ್ಲೇ ಕೆಡವಿ ಅವಳ ಕೈ ಹಿಡಿದೆ.

"ವೈನಿ, ನಿಮ್ಮವ್ವ…"

"ಗೊತ್ತದ ಬೇ."

ನಾನು ಅವಳ ಮುಖ ನೋಡಿದೆ.

"ಸಂಕ್ರಮಣಕ್ಕ ಟ್ರಂಕ್ ಝಾಡಿಸುವಾಗ ಪತ್ರ ಸಿಕ್ತು. ಒಂದೊಂದೇ ಅಕ್ಷರ ಕೂಡಿಸಿ ಓದಿದ್ನಿ. ಪೂರಾ ಓದಾಕ ಮೂರು ದಿನ ಹಿಡೀತು." ಬಿದ್ದಿದ್ದ ನನ್ನ ಸೈಕಲ್ ಎತ್ತುತ್ತ ಹೇಳಿದಳು, "ನಿಮ್ಮ ಮನ್ಯಾಗ ಕುಂತು ಹೆಂಗ ಅಳಲಿ? ಅಳಾಕರ ಒಂದು ಜಾಗ ಬೇಕಲ್ಲ. ಅದಕ್ಕ ಬರಾಕತ್ತೇನಿ."

ಹಳ್ಳಿಯಲ್ಲಿ ಅವಳ ಅಣ್ಣ ಬಾಗಿಲಲ್ಲೇ ನಿಂತಿದ್ದ. ಒಳಗೆ ಬಾ ಎನ್ನಲಿಲ್ಲ. "ಈಗ ನೆನಪಾತೇನು ಅವ್ವಂದು? ಕಾಗದ ಹಾಕಿ ಎಷ್ಟು ತಿಂಗಳಾತು?" ಎಂದ.

ವೈನಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ತಪ್ಪಾತಣ್ಣ. ಬರಾಕ ಆಗಲಿಲ್ಲ" ಎಂದಳು. ನಾನು ಅಲ್ಲೇ ನಿಂತಿದ್ದೆ. ಒಂದು ಮಾತೂ ಆಡಲಿಲ್ಲ.

ಹೊಲದ ಬದುವಿನ ಹತ್ತಿರ ತಾಯಿಯನ್ನು ಮಣ್ಣು ಮಾಡಿದ ಜಾಗದಲ್ಲಿ ಅವಳು ಕುಳಿತು ಅತ್ತ ದನಿ ದೂರದ ಬಾವಿಯ ತನಕ ಕೇಳಿತು. ಅಷ್ಟು ವರ್ಷದಲ್ಲಿ ವೈನಿ ಅತ್ತಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಅವಳ ಅಣ್ಣನ ಹೆಂಡತಿ ಒಂದು ತಂಬಿಗೆ ನೀರು ತಂದುಕೊಟ್ಟಳು, ಅಷ್ಟೇ. ಮುಖ ತೊಳೆದು ವೈನಿ ಸೈಕಲ್ ಹತ್ತಿದಳು. ಜೇವರ್ಗಿಯ ಮೆರವಣಿಗೆಯಲ್ಲಿ ಅವಳ ದನಿ ಒಡೆದಿತ್ತು. ಮೂರು ದಿನ ಘೋಷಣೆ ಕೂಗಿ ಹಾಗಾಗಿದೆ ಎಂದು ಎಲ್ಲರೂ ತಿಳಿದರು.

ಆಮೇಲೆ ಅವಳು ತವರಿನ ಮಾತು ಎತ್ತಲಿಲ್ಲ. ಅವ್ವ ಹಾಸಿಗೆ ಹಿಡಿದಾಗ ಎರಡು ವರ್ಷ ಸೇವೆ ಮಾಡಿದಳು. ಸೊಸೆಗೆ ಎಲ್ಲ ಗೊತ್ತಿದೆ ಎಂಬುದು ತಿಳಿಯದೆಯೇ ಅವ್ವ ಹೋದಳು.

ಆ ದಶಕ ಮುಗಿಯುವ ಮೊದಲೇ ವೈನಿಗೆ ಕಾಮಾಲೆ ಆಯಿತು. ಆಳಂದಕ್ಕೆ ಮದುವೆಯಾಗಿ ಹೋಗಿದ್ದ ನಾನು ಓಡಿ ಬಂದೆ. ಹನ್ನೆರಡು ದಿನ ಪಕ್ಕದಲ್ಲೇ ಇದ್ದೆ. ಅಷ್ಟು ವರ್ಷಗಳ ಮೇಲೆ ಒಮ್ಮೆ ಮಾತ್ರ ತನ್ನ ಅಣ್ಣನನ್ನು ನೆನೆಸಿದಳು. ಒಂದು ದಿನ ಧೈರ್ಯ ಮಾಡಿ, "ವೈನಿ, ಅವತ್ತು ನಾನು ಆ ಪತ್ರ…" ಎಂದೆ. "ಸುಮ್ನಿರು ಬೇ, ಮಾತ್ರಿ ಹೊತ್ತಾತು" ಎಂದು ಆ ಕಡೆ ಹೊರಳಿದಳು. ಮರುದಿನ ಬೆಳಗಿನ ಜಾವ ಹೋದಳು.

ಮೊದಲ ಬಸ್ಸು ಹಿಡಿದು ಅವಳ ಅಣ್ಣನ ಊರಿಗೆ ನಾನೇ ಹೋದೆ. ಸುದ್ದಿ ಹೇಳಿದೆ. "ನನ್ನ ನೆನೆಸಿದ್ಲೇನು?" ಎಂದು ಕೇಳಿದ. "ನೆನೆಸಿದ್ರು. ಆರಾಮ ಆಗ್ತಾರ ಅಂತ ತಿಳಿದು ನಾವೇ ಹೇಳಿ ಕಳಿಸೋದು ತಡಾ ಮಾಡಿದ್ವಿರಿ" ಎಂದೆ. ಆಮೇಲೆ ಉಳಿದದ್ದನ್ನೂ ಹೇಳಿದೆ: ಅವನ ಪತ್ರವನ್ನು ನಾನು ಓದಿದ್ದು, ಮೊಣಕಾಲಿನ ಸುಳ್ಳು, ಅವಳು ಅಕ್ಷರ ಕೂಡಿಸಿ ಓದಿದ್ದು. ಒಂದನ್ನೂ ಮುಚ್ಚಿಡಲಿಲ್ಲ.

ಅವನು ನನ್ನನ್ನು ಬೈಯುತ್ತಾನೆಂದು ಕಾದೆ. ಬೈಯಲಿಲ್ಲ. ಕಟ್ಟೆಯ ಮೇಲೆ ಕುಸಿದು ಕುಳಿತು ಹೇಳಿದ:

"ಅಷ್ಟು ದೂರ ಸೈಕಲ್ ತುಳಕೋತ ಬಂದಿದ್ಲು. ಒಂದು ತುತ್ತು ಉಂಡು ಹೋಗು ಅಂತ ನಾ ಅನ್ನಲಿಲ್ಲಲ್ಲಬೇ."