ಅತ್ತೆ ಇಳಿಯುತ್ತಿದ್ದ ಸ್ಟಾಪು

ದಾವಣಗೆರೆಯ ಸರಸ್ವತಿ ನಗರದ ನಮ್ಮ ಮನೆಯ ಕಾಂಪೌಂಡಿಗೆ ತೊಂಡೆ ಬಳ್ಳಿ ಹಬ್ಬಿದೆ. ಮೊನ್ನೆ ಒಣಗಿದ ಕುಡಿಗಳನ್ನು ಚಿವುಟುವಾಗ ಒಂದೆರಡು ಹಸಿ ಎಲೆ ಬೆರಳ ನಡುವೆ ಹಿಸುಕಿಹೋದವು. ಆ ಒಗರು ವಾಸನೆ ಮೂಗಿಗೆ ಬಡಿದದ್ದೇ ಹರಿಹರದ ನಮ್ಮ ಹಳೇ ಮನೆಯ ಪಡಸಾಲೆ ಕಣ್ಣೆದುರು ಬಂತು. ಬಂತು, ಅಷ್ಟೇ. ಎದೆಯೇನೂ ಹಿಂಡಲಿಲ್ಲ. ನನ್ನ ಸೋದರತ್ತೆ ತೀರಿಕೊಂಡು ತಿಂಗಳಾಯಿತು, ನನಗಿನ್ನೂ ಅಳು ಬಂದಿಲ್ಲ. ಆ ಪಡಸಾಲೆಯ ಗೋಡೆಗೆ ಒಂದು ಕರಿಹಲಗೆ ಇತ್ತು. ತೊಂಡೆ ಸೊಪ್ಪನ್ನೂ ಇದ್ದಿಲನ್ನೂ ಅರೆದು ಅದಕ್ಕೆ ಬಳಿಯುವುದು ಅತ್ತೆಯ ಕೆಲಸ. ಬಳಿದ ದಿನವೆಲ್ಲ ಅವಳ ಅಂಗೈ ಹಸಿರು ಮೆತ್ತಿದ ಕಪ್ಪಾಗಿರುತ್ತಿತ್ತು, ಮನೆಗೆಲ್ಲ ಇದೇ ವಾಸನೆ. ನೀವೂ ಹಲಗೆಗೆ ಸೊಪ್ಪು ಉಜ್ಜಿ ಓದಿದವರಾದರೆ ನಾನು ಹೆಚ್ಚು ಹೇಳಬೇಕಿಲ್ಲ.

ಹಲಗೆ ದೊಡ್ಡಪ್ಪನದು. ಅವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು, ಮನೆಯಲ್ಲೂ ಮೇಷ್ಟ್ರೇ. ಸಂಜೆ ದೀಪ ಹಚ್ಚಿದ ಮೇಲೆ ನನ್ನನ್ನೂ ಅವರ ಇಬ್ಬರು ಗಂಡುಮಕ್ಕಳನ್ನೂ ಸಾಲಾಗಿ ಕೂರಿಸಿ, ಹಲಗೆಯ ಮೇಲೆ ದಿನಕ್ಕೊಂದು ಜೋಡಿಪದ ಬರೆಯುತ್ತಿದ್ದರು. ವೇಕ್ ಅಪ್, ಪುಟ್ ಆನ್, ಲುಕ್ ಆಫ್ಟರ್, ಹೀಗೆ. “ಡಿಕ್ಷನರಿ ಮುಟ್ಟಬ್ಯಾಡ್ರಿ. ಮನ್ಯಾಗ ನಡೆದದ್ದನ್ನ ಈ ಪದ ಹಾಕಿ ಹೇಳ್ರಿ, ಅರ್ಥ ತಾನೇ ತಿಳಿತೈತೆ” ಎನ್ನುತ್ತಿದ್ದರು. ಅವರದು ಒಂದೇ ಕಟ್ಟಳೆ, ವಾಕ್ಯ ನಿಜವಾಗಿರಬೇಕು. ಒಮ್ಮೆ ಅವರ ದೊಡ್ಡ ಮಗ ತನ್ನಮ್ಮ ನಾಲ್ಕಕ್ಕೆ ಏಳುತ್ತಾಳೆ ಎಂದು ಇಂಗ್ಲಿಷಿನಲ್ಲಿ ಹೇಳಿ ಬೀಗುತ್ತಿದ್ದ. ಅಡುಗೆಮನೆಯಿಂದ ದೊಡ್ಡಮ್ಮ, “ನಾಲ್ಕಕ್ಕೆ ಏಳಾಕೆ ನನಗೇನು ಹುಚ್ಚೇ? ಐದಕ್ಕೆ!” ಎಂದು ಕೂಗಿದರು. ವಾಕ್ಯ ರದ್ದಾಯಿತು. ಗೆದ್ದವರು ತಮ್ಮ ವಾಕ್ಯವನ್ನು ಹಲಗೆಯ ಮೇಲೆ ಬರೆಯಬಹುದಿತ್ತು. ಮರುದಿನ ಅಳಿಸುವ ತನಕ ಬಂದವರು ಹೋದವರೆಲ್ಲ ಅದನ್ನು ಓದುತ್ತಿದ್ದರು. ಒಂಬತ್ತು ವರ್ಷದ ನನಗೆ ಅದಕ್ಕಿಂತ ದೊಡ್ಡ ಮರ್ಯಾದೆ ಈ ಲೋಕದಲ್ಲಿ ಇರಲಿಲ್ಲ.

ಅತ್ತೆ ಅಪ್ಪನಿಗೂ ದೊಡ್ಡಪ್ಪನಿಗೂ ಕೊನೆಯ ತಂಗಿ. ದಾವಣಗೆರೆಯ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದಾಗ ಮಲೆಬೆನ್ನೂರಿನಿಂದ ಸಂಬಂಧ ಬಂತು. ಭತ್ತದ ಗದ್ದೆಯ ಅನುಕೂಲಸ್ಥರು. ಹುಡುಗಿ ಇನ್ನು ಕಾಲೇಜಿಗೆ ಹೋಗುವುದು ಬೇಡ ಎಂದರು. ಬಿಡಿಸುತ್ತೇವೆ ಎಂದು ದೊಡ್ಡಪ್ಪ ಮಾತು ಕೊಟ್ಟರು. ಪರೀಕ್ಷೆಗೆ ಎರಡು ತಿಂಗಳಿತ್ತು. ಅತ್ತೆ ಎದುರಾಡಲಿಲ್ಲ. ಮದುವೆಯ ತನಕ ದಾವಣಗೆರೆಗೆ ಹೋಗಿ ಹೊಲಿಗೆಯಾದರೂ ಕಲಿಯುತ್ತೇನೆ ಎಂದಳು, ಅದಕ್ಕೆ ಒಪ್ಪಿದರು. ಬೇಸಿಗೆ ರಜೆ ಬಂದ ಮೇಲೆ ಜೊತೆಗಿರಲಿ ಎಂದು ನನ್ನನ್ನೂ ಕಳಿಸತೊಡಗಿದರು. ಹೊಲಿಗೆ ಕ್ಲಾಸಿಗೆ ಇನ್ನೂ ಮುಂದೆ ಹೋಗಬೇಕಿತ್ತು. ನಾವು ಕಾಲೇಜಿನ ಹತ್ತಿರವೇ ಇಳಿಯುತ್ತಿದ್ದೆವು. “ಮನ್ಯಾಗ ಕೇಳಿದ್ರೆ ಹೊಲಿಗೆ ಕ್ಲಾಸು ಅನ್ಬೇಕು, ಗೊತ್ತಾಯ್ತಾ?” ಎಂದಿದ್ದಳು. ನಾನು ತಲೆಯಾಡಿಸಿದ್ದೆ, ಹಾಗೇ ಹೇಳುತ್ತಲೂ ಇದ್ದೆ. ಲೈಬ್ರರಿಯ ಜಗಲಿಯಲ್ಲಿ ಒಂದು ಪೊಟ್ಟಣ ಮಂಡಕ್ಕಿ ಕೊಟ್ಟು ನನ್ನನ್ನು ಕೂರಿಸಿ ಒಳಗೆ ಹೋದರೆ, ಎಲ್ಲರೂ ಹೋದ ಮೇಲೆ ಕೊನೆಯವಳಾಗಿ ಹೊರಗೆ ಬರುತ್ತಿದ್ದಳು. ವಾಪಸು ಬರುವಾಗ ಬಸ್ಸಿನ ಕುಲುಕಾಟದಲ್ಲೇ ಒಂದು ಕರ್ಚೀಫಿನ ಅಂಚು ಹೊಲಿಯುತ್ತಿದ್ದಳು, ಮನೆಯಲ್ಲಿ ತೋರಿಸುವುದಕ್ಕೆ. ನನಗೆ ಇಂಗ್ಲಿಷ್ ನಿಜವಾಗಿ ಬಂದದ್ದು ಆ ಬಸ್ಸಿನಲ್ಲಿ. ಹತ್ತುವಾಗ ಗೆಟ್ ಆನ್ ಅನ್ನಿಸುವಳು, ಇಳಿಯುವಾಗ ಗೆಟ್ ಆಫ್. ಮೆಟ್ಟಿಲ ಮೇಲೆ ಕಾಲಿಟ್ಟು ಗಟ್ಟಿಯಾಗಿ ಹೇಳದಿದ್ದರೆ ಕೈ ಹಿಡಿದು ಇಳಿಸುತ್ತಿರಲಿಲ್ಲ. ಕಂಡಕ್ಟರ್ ಬೈದರೂ ನಗುತ್ತಲೇ ನಿಂತಿರುತ್ತಿದ್ದಳು.

ಒಂದು ಸಂಜೆ ದೊಡ್ಡಪ್ಪ ಹಲಗೆಯ ಮೇಲೆ ಗೆಟ್ ಆಫ್ ಎಂದು ಬರೆದರು. ಹುಡುಗರಿಬ್ಬರೂ ಬಾಯಿ ಬಿಟ್ಟುಕೊಂಡು ಕೂತಿದ್ದರು. ನಾನು ಎದ್ದೇ ನಿಂತೆ. ಹೊಲಿಗೆ ಕ್ಲಾಸು ಎಂದರೆ ಸುಳ್ಳಾಗುತ್ತದೆ, ಸುಳ್ಳು ವಾಕ್ಯ ನಡೆಯುವುದಿಲ್ಲ ಎಂದು ಯೋಚಿಸಿದೆನೋ, ಅಥವಾ ಏನನ್ನೂ ಯೋಚಿಸಲಿಲ್ಲವೋ, ಈಗ ಎಷ್ಟು ಕೆದಕಿದರೂ ಸಿಗುವುದಿಲ್ಲ. “ಮೈ ಆಂಟ್ ಗೆಟ್ಸ್ ಆಫ್ ಅಟ್ ದಿ ಕಾಲೇಜ್” ಎಂದೆ. ದೊಡ್ಡಪ್ಪ ರೂಢಿಯಂತೆ “ಕರೆಕ್ಟ್” ಅಂದರು. ಸೀಮೆಸುಣ್ಣವನ್ನು ನನ್ನ ಕೈಗೆ ಕೊಡಲು ಬಂದವರು ಹಾಗೇ ನಿಂತರು. ಆಮೇಲೆ ಮೆಲ್ಲಗೆ ಕನ್ನಡದಲ್ಲಿ ಕೇಳಿದರು, “ದಿನಾ ಅಲ್ಲೇ ಇಳಿತೀರೇನು?”

“ಹೂಂ, ದಿನಾ” ಎಂದೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಬಡಿಯುತ್ತಿದ್ದವಳು ಅತ್ತೆ. ದೊಡ್ಡಪ್ಪ ಕೂಗಾಡಲಿಲ್ಲ. “ನಾಳೆಯಿಂದ ಹೊಲಿಗೆ ಬ್ಯಾಡ” ಎಂದಷ್ಟೇ ಅಡುಗೆಮನೆಯ ಕಡೆ ತಿರುಗಿ ಹೇಳಿದರು. ಪರೀಕ್ಷೆಗೆ ಹನ್ನೊಂದು ದಿನ ಉಳಿದಿತ್ತು. ಸ್ವಲ್ಪ ಹೊತ್ತಿನ ಮೇಲೆ ರೊಟ್ಟಿಯ ಸದ್ದು ಮತ್ತೆ ಶುರುವಾಯಿತು. ನಾನು ಗೆದ್ದವಳಲ್ಲವೇ, ಸೀಮೆಸುಣ್ಣ ಎತ್ತಿಕೊಂಡು ವಾಕ್ಯವನ್ನು ಹಲಗೆಯ ಮೇಲೆ ಬರೆದೆ. ಯಾರೂ ತಡೆಯಲಿಲ್ಲ. ಅಮ್ಮ ಮಾತ್ರ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ, “ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಕಣೇ” ಎಂದು ಅತ್ತಳು. ಮರುದಿನ ಬೆಳಿಗ್ಗೆ ಅತ್ತೆ ಒದ್ದೆ ಬಟ್ಟೆ ತಂದು ಆ ವಾಕ್ಯವನ್ನು ಒರೆಸಿದಳು, ತೊಂಡೆ ಸೊಪ್ಪು ಅರೆದು ಬಳಿದಳು. ನಾನು ಬಾಗಿಲ ಸಂದಿನಿಂದ ನೋಡುತ್ತಿದ್ದೆ. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ, “ಹಾಲು ಕುಡಿದ್ಯಾ?” ಎಂದು ಕೇಳಿದಳು.

ಪರೀಕ್ಷೆ ತಪ್ಪಿತು, ಮದುವೆಯಾಯಿತು. ಅವಳ ಬಾಳು ಕೆಟ್ಟದ್ದೇನೂ ಆಗಲಿಲ್ಲ. ಮಾವ ಒಳ್ಳೆಯವರು, ಇಬ್ಬರು ಮಕ್ಕಳು, ಅಂಗಳದಲ್ಲಿ ಟ್ರ್ಯಾಕ್ಟರ್. ಬಾಳು ಕೆಟ್ಟಿದ್ದರೆ ಕಾಲಿಗೆ ಬಿದ್ದು ಅಳುವುದಕ್ಕಾದರೂ ನನಗೊಂದು ನೆಪ ಇರುತ್ತಿತ್ತು. ಹರಿಹರದ ಮನೆ ದೊಡ್ಡಪ್ಪನ ಕಾಲಾನಂತರ ಪಾಲಾಗಿ, ಮಾರಾಟವಾಗಿ, ಈಗ ಅಲ್ಲಿ ಅಂಗಡಿ ಮಳಿಗೆಗಳಿವೆ. ಹಲಗೆ ನೀರೊಲೆಗೆ ಹೋಯಿತಂತೆ. ನಾನು ಓದಿ ಇಂಗ್ಲಿಷ್ ಟೀಚರೇ ಆದೆ. ವರ್ಷಕ್ಕೊಮ್ಮೆ ಆ ಪಾಠ ಬರುತ್ತದೆ, ಗೆಟ್ ಆಫ್ ಅಂದರೆ ಬಸ್ಸಿನಿಂದ ಇಳಿಯುವುದು ಎಂದು ಹೇಳಿ ಪುಟ ತಿರುಗಿಸುತ್ತೇನೆ. ಮಕ್ಕಳಿಗೆ ಪುಸ್ತಕದ ವಾಕ್ಯವೇ ಸಾಕು ಎನ್ನುತ್ತೇನೆ. ಮನೆಯದು ಹೇಳಿ ಎಂದು ಇವತ್ತಿನ ತನಕ ಒಬ್ಬರನ್ನೂ ಕೇಳಿಲ್ಲ. ಕೊನೆಯ ಸಲ ಮಲೆಬೆನ್ನೂರಿಗೆ ಹೋದಾಗ ಅತ್ತೆ ಮಲಗಿದಲ್ಲೇ ಇದ್ದಳು. ಧೈರ್ಯ ಮಾಡಿ, “ಅತ್ತೆ, ಅವತ್ತು ನಾನು ಹಂಗೆ ಹೇಳಬಾರದಿತ್ತು” ಎಂದೆ. ಯಾವತ್ತು ಎಂದು ಅವಳು ಕೇಳಲಿಲ್ಲ. ನನ್ನ ಕೈಯನ್ನು ಮಗುಚಿ ಅಂಗೈ ನೋಡಿದಳು. “ವಾಕ್ಯ ಚಲೋ ಇತ್ತು. ನಾನೇ ಕಲಿಸಿದ್ದಲ್ಲೇನು? ಊಟ ಮಾಡ್ಕೊಂಡು ಹೋಗು” ಎಂದಳು.

ಮಲೆಬೆನ್ನೂರಿನಲ್ಲಿ ಅತ್ತೆಯ ಉತ್ತರಕ್ರಿಯೆಯ ಶಿವಗಣಾರಾಧನೆ ಮುಗಿಸಿಕೊಂಡು ಬಸ್ಸಿನಲ್ಲಿ ಬರುವಾಗಲೂ ನನಗೆ ಏನೂ ಅನ್ನಿಸಲಿಲ್ಲ. ಮೈಯೊಳಗೆ ಯಾರೋ ಹತ್ತಿ ತುಂಬಿದಂತಿತ್ತು. “ಕಾಲೇಜ್ ಇಳಿಯೋರು ಬರ್ರಿ” ಎಂದು ಕಂಡಕ್ಟರ್ ಕೂಗಿದ. ನನ್ನ ಸ್ಟಾಪು ಇನ್ನೂ ಮುಂದಿತ್ತು, ಆದರೂ ಎದ್ದೆ. ಮೆಟ್ಟಿಲ ಮೇಲೆ ಕಾಲಿಟ್ಟಾಗ ಬಾಯಿ ತಾನಾಗಿ ತೆರೆಯಿತು, ಮಾತು ಹೊರಡಲಿಲ್ಲ. ಇಳಿದೆ. ಕಾಲೇಜಿನ ಒಳಗೆ ಪರೀಕ್ಷೆ ನಡೆಯುತ್ತಿತ್ತು. ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತೆ. ಗಂಟೆ ಹೊಡೆಯಿತು. ಹುಡುಗಿಯರು ಗುಂಪುಗುಂಪಾಗಿ ಬಂದರು, ಆಮೇಲೆ ಇಬ್ಬಿಬ್ಬರು, ಆಮೇಲೆ ಒಬ್ಬೊಬ್ಬರು. ನಾನು ಏಳಲಿಲ್ಲ, ಅತ್ತೆ ಬರುತ್ತಿದ್ದದ್ದು ಯಾವಾಗಲೂ ಕೊನೆಗೆ. ವಾಚ್‌ಮನ್ ಗೇಟು ಎಳೆಯುತ್ತ ನನ್ನನ್ನು ನೋಡಿದ.

“ಯಾರಿಗ್ ಕಾಯ್ತಿದೀರ್ರಿ ಅಮ್ಮಾ? ಒಳಗೆ ಯಾರೂ ಉಳಿದಿಲ್ಲ.”

ಹೂಂ ಎಂದು ಎದ್ದೆ. ಅವನು ಚಿಲಕ ಹಾಕಿಕೊಂಡ.