ಕತ್ತರಿಸಿ ಎಸೆದ ಅಂಚು

ಮೊನ್ನೆ ನನ್ನ ಟೈಪಿಂಗ್ ಅಂಗಡಿಯ ಪೇಪರ್ ಕಟಿಂಗ್ ಮಷಿನ್ನಿನ ಬ್ಲೇಡಿಗೆ ಸಾಣೆ ಹಿಡಿಸಲೆಂದು ಬಿಚ್ಚಿದಾಗ ಎಣ್ಣೆಯೂ ಹಳೇ ಕಾಗದದ ಪುಡಿಯೂ ಬೆರೆತ ವಾಸನೆ ಮೂಗಿಗೆ ಬಡಿಯಿತು. ಕೂಡಲೇ ಕಾಕಾ ನೆನಪಾದರು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುತ್ತಾರೆ. ನನ್ನಿಂದ ಆಗುವುದಿಲ್ಲ. ಆ ಮನುಷ್ಯನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ಕಾಕಾ ಅಂದರೆ ರಕ್ತಸಂಬಂಧವೇನಲ್ಲ. ಗಡಿಯಾಚೆ ಮರಾಠಿ ಸೀಮೆಯ ಗಡಹಿಂಗ್ಲಜದಲ್ಲಿ ನಮ್ಮ ಓಣಿಯವರು, ನೂಲಿನ ದಲಾಲಿ ಮಾಡಿ ಬಿಟ್ಟವರು. ಮೂವತ್ತು ವರ್ಷ ತಿಂಗಳಿಗೊಮ್ಮೆ ‘ಜಗದ ಹವಾ’ ಎಂಬ ನಾಲ್ಕು ಪುಟದ ಕನ್ನಡ ಪತ್ರಿಕೆ ಹೊರಡಿಸುತ್ತಿದ್ದರು. ಯಾವ ದೇಶದಲ್ಲಿ ಹತ್ತಿ ಬಿತ್ತನೆ ಕಡಿಮೆಯಾಯಿತು, ಬ್ರೆಜಿಲ್ಲಿನವರು ಕಬ್ಬಿನಿಂದ ಸಕ್ಕರೆ ಬಿಟ್ಟು ಇನ್ನೇನು ತೆಗೆಯುತ್ತಿದ್ದಾರೆ, ಚೀನಾದ ಬಟ್ಟೆ ಯಾವ ಬಂದರಿಗೆ ಬಂತು... ಜಗತ್ತು ಎತ್ತ ವಾಲುತ್ತಿದೆ ಎಂಬುದೆಲ್ಲ ಅದರಲ್ಲಿ. ಓದುವವರು ಇಚಲಕರಂಜಿಯ ಮಗ್ಗದವರು, ಕೊಲ್ಹಾಪುರದ ಬೆಲ್ಲದ ವ್ಯಾಪಾರಿಗಳು, ಹಲಕರ್ಣಿಯ ಕಬ್ಬಿನವರು. ಓಣಿಗೊಂದೇ ಪ್ರತಿ, ಎಸ್‌ಟಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೋಗುತ್ತಿತ್ತು. ಓದಿದವನು ಪುಟದ ಅಂಚಿನಲ್ಲಿ ತನಗೆ ಅನಿಸಿದ್ದನ್ನು ಬರೆದು ಪಕ್ಕದವನಿಗೆ ದಾಟಿಸಬೇಕು, ಕೊನೆಯವನು ಮತ್ತೆ ಬಸ್ಸಿಗೆ ಕೊಟ್ಟು ವಾಪಸು ಕಳಿಸಬೇಕು. ಇದು ಕಾಕಾರ ಕಟ್ಟಳೆ. ತಿರುಗಿ ಬಂದ ಪ್ರತಿಗಳನ್ನು ಗಂಟು ಕಟ್ಟಿ ಅಟ್ಟದ ಮೇಲೆ ಇಡುತ್ತಿದ್ದರು.

ನನ್ನ ಸಿಟ್ಟಿಗೆ ಕಾರಣ ನನ್ನಪ್ಪ. ಇಚಲಕರಂಜಿಯಲ್ಲಿ ಅಪ್ಪನವು ಎಂಟು ಹಳೇ ಮಗ್ಗಗಳಿದ್ದವು. ನೂಲು ದುಬಾರಿಯಾಗಿ, ಬಟ್ಟೆ ಕೇಳುವವರಿಲ್ಲದೆ ಮೊದಲೇ ಒದ್ದಾಡುತ್ತಿದ್ದ. ಅಂಥ ಹೊತ್ತಿನಲ್ಲಿ, ಲಾಳಿ ಮಗ್ಗಗಳ ಕಾಲ ಮುಗಿಯಿತು, ಅವನ್ನು ಇಟ್ಟುಕೊಂಡು ಕೂತವರು ಹೆಣ ಕಾಯುವವರು ಎಂದು ಕಾಕಾ ಬರೆದರು. ಗಾಯದ ಮೇಲೆ ಬರೆ. ಅಪ್ಪ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ವರ್ಷದೊಳಗೆ ಮಗ್ಗಗಳು ಗುಜರಿಗೆ ಹೋದವು, ಅಪ್ಪನೂ ಹೆಚ್ಚು ದಿನ ಉಳಿಯಲಿಲ್ಲ. ಆ ಸಾಲನ್ನು ನಾನು ಮರೆಯಲಿಲ್ಲ.

ಕೊರೊನಾ ಬಂದಾಗ ಒಬ್ಬರು ಮುಟ್ಟಿದ ಕಾಗದವನ್ನು ಇನ್ನೊಬ್ಬರು ಮುಟ್ಟದಂತಾಯಿತು, ಬಸ್ಸುಗಳೂ ನಿಂತವು. ಪತ್ರಿಕೆಯನ್ನು ಬ್ಲಾಗಿಗೆ ಹಾಕದೆ ಕಾಕಾರಿಗೆ ಬೇರೆ ದಾರಿ ಇರಲಿಲ್ಲ. ಊರಿನಲ್ಲಿ ಕನ್ನಡ ಟೈಪಿಂಗ್ ನನ್ನ ಅಂಗಡಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಹಳೇ ಗಂಟುಗಳನ್ನೆಲ್ಲ ಗೋಣಿಚೀಲದಲ್ಲಿ ತಂದು ಕಟ್ಟೆಯ ಮೇಲೆ ಧೊಪ್ಪನೆ ಹಾಕಿದರು. ಹೇಗಿದ್ದೀ ಎಂಬ ಮಾತೂ ಇಲ್ಲ.

“ಎಲ್ಲಾ ಹಾಕ. ಒಂದ ಅಕ್ಷರಾ ಬಿಡಬ್ಯಾಡ,” ಅಂದರು.

ಮಾಸ್ಕಿನ ಮೇಲಿನ ಕಣ್ಣುಗಳಲ್ಲಿ ನನ್ನ ಮೇಲೆ ಅಪನಂಬಿಕೆಯೇ ತುಂಬಿತ್ತು. ಗಿರಾಕಿ ಇಲ್ಲದ ದಿನಗಳು. ಬೇಡ ಅನ್ನುವ ಸೊಕ್ಕು ನನಗೂ ಇರಲಿಲ್ಲ.

ಬಿಚ್ಚಿ ನೋಡಿದರೆ ಅಂಚಿನ ತುಂಬ ಗೀಚಾಟ. ಬಾಲ್‌ಪೆನ್ನು, ಪೆನ್ಸಿಲು, ಕನ್ನಡ, ಮರಾಠಿ. ಓದಿದ ಎರಡು ಮೂರು ಕಡೆ ಬರೀ ಜಗಳ. ಒಬ್ಬ ‘ಎಲ್ಲಾ ಸುಳ್ಳ’ ಎಂದು ಬರೆದಿದ್ದ, ಇನ್ನೊಬ್ಬ ಅವನಿಗೇ ತಿರುಗಿ ಬೈದಿದ್ದ. ಮುಂದೆ ಓದುವ ಮನಸ್ಸಾಗಲಿಲ್ಲ. ಮುದುಡಿ ಹರಿದ ಅಂಚುಗಳು ಸ್ಕ್ಯಾನರಿನಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಅಚ್ಚಾದ ಅಕ್ಷರ ಉಳಿದರೆ ಸಾಕು ಅಂದುಕೊಂಡು ಗಂಟುಗಳನ್ನೆಲ್ಲ ಕಟಿಂಗ್ ಮಷಿನ್ನಿಗೆ ಕೊಟ್ಟು ನಾಲ್ಕೂ ಕಡೆ ನೀಟಾಗಿ ಕತ್ತರಿಸಿದೆ. ಆ ಪಟ್ಟಿಗಳು ಬಚ್ಚಲಿನಲ್ಲಿ ನೀರು ಕಾಯಿಸುವ ಬಂಬಿಗೆ ಎರಡು ವಾರ ಉರುವಲಾದವು. ಕಾಕಾರ ಹವಾ ಉರಿಯುವುದನ್ನು ನೋಡಿ ಖುಷಿಪಟ್ಟೆ ಎನ್ನಲು ಈಗ ನಾಚಿಕೆಯಾಗುತ್ತದೆ, ಆದರೂ ಪಟ್ಟದ್ದು ಹೌದು.

ಬ್ಲಾಗು ತೋರಿಸಿದ ದಿನ ಕಾಕಾ ಕನ್ನಡಕ ಏರಿಸಿ ಒಂದೊಂದೇ ಪುಟ ನೋಡಿದರು. ಎಲ್ಲವೂ ಬೆಳ್ಳಗೆ, ಅಚ್ಚುಕಟ್ಟಾಗಿತ್ತು. ಒಂದು ಒಳ್ಳೆಯ ಮಾತು ಆಡುತ್ತಾರೇನೋ ಎಂದು ಕಾದೆ, ಅದೂ ನನ್ನ ಮೂರ್ಖತನವೇ.

“ನಾ ಹೇಳಿದ್ದಷ್ಟ ಇಟ್ಟಿ. ನನಗ ಬೈದವ್ರು ಎಲ್ಲಿ ಹ್ವಾದ್ರು?”

ಕತ್ತರಿಸಿದ್ದನ್ನೂ ಸುಟ್ಟದ್ದನ್ನೂ ಹೇಳಿದೆ. ಗಲೀಜಾಗಿತ್ತು ಅಂದೆ. ಕಾಕಾ ಕನ್ನಡಕ ತೆಗೆದು ಮೇಜಿನ ಮೇಲೆ ಕುಕ್ಕಿದರು. ಮುಂಬೈ ಪೇಪರು ನೋಡಿ ಜಗತ್ತಿನ ಸುದ್ದಿಯನ್ನು ಯಾರಾದರೂ ಬರೆದಾರು, ಅದು ಖರೆಯೋ ಸುಳ್ಳೋ ಹೇಳುವವನು ಮಗ್ಗದ ಮುಂದೆ ನಿಂತವನು, ಆ ಗೀಚಾಟ ಓದಿಯೇ ಮುಂದಿನ ತಿಂಗಳಿನದನ್ನು ಬರೆಯುತ್ತಿದ್ದೆ ಎಂದರು. ನನ್ನ ಓದನ್ನು, ಕಸುಬನ್ನು ಬಾಯಿಗೆ ಬಂದಂತೆ ಹೀಯಾಳಿಸಿದರು. ನನಗೂ ತಡೆಯಲಾಗಲಿಲ್ಲ. ನಮ್ಮಪ್ಪನ ಜೀವ ತಿಂದದ್ದು ಇದೇ ಹಾಳೆ ಎಂದುಬಿಟ್ಟೆ.

ಕಾಕಾ ಎದ್ದು ಬಾಗಿಲ ತನಕ ಹೋಗಿ ನಿಂತರು.

“ಎಲ್ಲಾರಕಿಂತ ಹೆಚ್ಚ ನಿಮ್ಮಪ್ಪನೇ ಅಂಚಿನಾಗ ನನಗ ಬರದಾನವ್ವಾ. ಕಡೀ ತಿಂಗಳತನಾ ಬರದಾನ. ಅವನ ಅಕ್ಷರಾನೂ ಸುಟ್ಟಿ.”

ಮತ್ತೆ ಅವರು ನನ್ನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ, ಬ್ಲಾಗಿಗೂ ಏನೂ ಬರೆಯಲಿಲ್ಲ. ಮರುವರ್ಷ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ, ಕಣ್ಣೀರು ಬರಲಿಲ್ಲ. ಚೀಲ ತಂದ ದಿನವೇ ಆ ಒಂದು ಮಾತು ಹೇಳಿದ್ದರೆ... ಬಾಯಿ ಮುಚ್ಚಿಕೊಂಡಿದ್ದದ್ದು ಅವರ ತಪ್ಪು. ಈ ಸಿಟ್ಟು ಇಂದಿಗೂ ಇಳಿದಿಲ್ಲ. ಅದರಲ್ಲಿ ನನ್ನ ಮೇಲಿನದು ಎಷ್ಟು ಎಂದು ಮಾತ್ರ ಕೇಳಬೇಡಿ.

ಬ್ಲಾಗು ಈಗಲೂ ಇದೆ. ಪ್ರತಿ ಸಂಚಿಕೆಯ ಕೆಳಗೆ ಅಭಿಪ್ರಾಯ ಬರೆಯಿರಿ ಎಂಬ ಖಾಲಿ ಚೌಕವಿದೆ. ಲಾಳಿ ಮಗ್ಗಗಳ ಆ ಸಂಚಿಕೆಯನ್ನು ತೆರೆದು, ಅಪ್ಪ ಬರೆದದ್ದನ್ನು ಅಲ್ಲಿ ತುಂಬಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಅಪ್ಪ ಏನು ಬರೆದಿದ್ದ ಎಂಬುದೇ ನನಗೆ ಗೊತ್ತಿಲ್ಲ.